ಕೈ ಜಾರದಿರಲು ಏನು ಹಚ್ಚಬೇಕು? ಡ್ರೈ ಹ್ಯಾಂಡ್ಸ್, ಲಿಕ್ವಿಡ್ ಚಾಕ್, ಐಟ್ಯಾಕ್: ಪೋಲ್ ಡ್ಯಾನ್ಸ್ ಕಲಿಯುವವರಿಗಾಗಿ

ಪೋಲ್ (ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ) ಕ್ಲಾಸಿಗೆ ಸೇರಿ ಎರಡು ವಾರವಾಗುವಷ್ಟರಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಕೈ ಜಾರುತ್ತೆ, ಯಾವ ಗ್ರಿಪ್ ತಗೊಳ್ಳಲಿ?” ಮಾರುಕಟ್ಟೆಯಲ್ಲಿ ಡಬ್ಬಿ, ಬಾಟಲಿ, ಸ್ಪ್ರೇ ಎಷ್ಟೇ ಇದ್ದರೂ ಮೂಲದಲ್ಲಿ ಇರುವುದು ಎರಡೇ ಜಾತಿ. ಒಂದು ಬೆವರು ತಡೆದು ಕೈ ಒಣಗಿಸುತ್ತದೆ, ಇನ್ನೊಂದು ಅಂಟು ಕೊಡುತ್ತದೆ. ಡ್ರೈ ಹ್ಯಾಂಡ್ಸ್ ಮತ್ತು ಲಿಕ್ವಿಡ್ ಚಾಕ್ ಒಣಗಿಸುವ ಜಾತಿ, ಐಟ್ಯಾಕ್ ಅಂಟಿನದು. ನಿಮ್ಮ ಕೈ ಯಾಕೆ ಜಾರುತ್ತಿದೆ ಎಂದು ನೋಡದೆ ಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅದನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಕೈ ತೊಳೆದು ಒರೆಸಿಕೊಳ್ಳಿ, ಪೋಲನ್ನು ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಿ. ಎರಡೂ ಕೈಯಿಂದ ಹಿಡಿದು ಪಾದವನ್ನು ನೆಲದಿಂದ ಒಂದು ಗೇಣು ಮೇಲೆತ್ತಿ, 15 ಸೆಕೆಂಡ್ ನೇತಾಡಿ. ಮೊದಲು ಗಟ್ಟಿಯಾಗಿದ್ದು ಆಮೇಲೆ ಮೆಲ್ಲಗೆ ಕೆಳಗಿಳಿದರೆ, ಪೋಲಿನ ಮೇಲೆ ಬೆರಳಿನಾಕಾರದ ಮಂಜು ಮೂಡಿದ್ದರೆ, ಅದು ಬೆವರು. ಹಿಡಿದ ಕ್ಷಣದಲ್ಲೇ ಸರ್ರನೆ ಜಾರಿ, ಅಂಗೈ ಕಾಗದದಂತೆ ಒರಟಾಗಿ ಅನಿಸಿದರೆ ಒಣ ಚರ್ಮ. ಜಾರುವುದೇ ಇಲ್ಲ, ಆದರೆ ಮುಂಗೈ ಉರಿದು ಬೆರಳು ತಾನಾಗಿ ಬಿಚ್ಚಿಕೊಂಡರೆ ಬೇಕಾದದ್ದು ಬಲ. ಅದಕ್ಕೆ ಯಾವ ಬಾಟಲಿಯೂ ಮದ್ದಲ್ಲ.

ಬೆವರುವ ಕೈಗೆ ನಮ್ಮ ಮೊದಲ ಆಯ್ಕೆ ಡ್ರೈ ಹ್ಯಾಂಡ್ಸ್ ಎಂಬ ದ್ರವ. ಬಟಾಣಿ ಕಾಳಿನಷ್ಟು ಸಾಕು. ಅಂಗೈ, ಬೆರಳಿನ ಬುಡ, ಮುಖ್ಯವಾಗಿ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಪೊರೆಗೆ ಉಜ್ಜಿ, ಪೂರ್ತಿ ಒಣಗುವವರೆಗೆ ಪೋಲ್ ಮುಟ್ಟಬೇಡಿ. ಒಣಗಿದಾಗ ಚರ್ಮ ನಯವಾದ ಪುಡಿ ಸವರಿದಂತೆ ಇರುತ್ತದೆ, ಅಂಟು ಇರುವುದಿಲ್ಲ. ಇದರ ದೊಡ್ಡ ಗುಣ ಅದೇ: ಕೈ ಸರಿಯಲು ಶುರುವಾದದ್ದು ಚರ್ಮಕ್ಕೆ ಗೊತ್ತಾಗುತ್ತದೆ, ಸ್ಪಿನ್‌ನಲ್ಲಿ, ಅಂದರೆ ಪೋಲ್ ಸುತ್ತ ತಿರುಗುತ್ತ, ಕೈ ಬದಲಿಸುವಾಗ ಅಡ್ಡಿಯಿಲ್ಲ. ಹಸಿ ಇರುವಾಗಲೇ ಹಿಡಿದು, ಇದು ಕೆಲಸಕ್ಕೆ ಬಾರದ್ದು ಎಂದು ಬದಿಗಿಡುವವರೇ ಹೆಚ್ಚು. ಒಣ ಕೈಯವರು ಮಾತ್ರ ಇದರ ಹತ್ತಿರ ಹೋಗಬಾರದು, ಇನ್ನಷ್ಟು ಜಾರುತ್ತದೆ.

ಲಿಕ್ವಿಡ್ ಚಾಕ್ ಎಂದರೆ ಮೆಗ್ನೀಶಿಯಂ ಕಾರ್ಬೊನೇಟ್ ಪುಡಿಯನ್ನು ಆಲ್ಕೋಹಾಲ್‌ನಲ್ಲಿ ಕಲೆಸಿದ್ದು. ಅಗ್ಗ, ಜಿಮ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಮಂಗಳೂರಿನಂಥ ಕರಾವಳಿಯ ಸೆಖೆಯಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ದಪ್ಪಗೆ ಬಳಿದರೆ ಪುಡಿಯೇ ಪುಡಿಯ ಮೇಲೆ ಉರುಳಿ ಕೈ ಜಾರುತ್ತದೆ, ತೆಳುವಾಗಿ ಒಂದೇ ಪದರ ಸಾಕು. ದಿನವೂ ಹಚ್ಚಿದರೆ ಚರ್ಮ ಬಿರಿಯುತ್ತದೆ. ಕ್ಲಾಸ್ ಮುಗಿದ ಕೂಡಲೇ ತೊಳೆದು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಕ್ಲಾಸಿನ ದಿನ ಕ್ಲಾಸ್ ಮುಗಿಯುವ ತನಕ ಎಣ್ಣೆ, ಬಾಡಿ ಲೋಷನ್ ಎರಡೂ ಬೇಡ.

ಐಟ್ಯಾಕ್ ಜೇನುಮೇಣ ಬೆರೆತ ಅಂಟು ಮುಲಾಮು. ಒಣ ಚರ್ಮಕ್ಕೆ, ಮೊಣಕಾಲಿನ ಹಿಂಬದಿ ಅಥವಾ ಒಳತೊಡೆಯಿಂದ ಹಿಡಿಯುವ ಭಂಗಿಗಳಿಗೆ ಇದು ನಿಜವಾಗಿ ಬಲ. ಕಡಲೆಬೇಳೆಯಷ್ಟನ್ನು ಬೆರಳಲ್ಲಿ ತೆಗೆದು ಬಿಸಿಯಾಗುವಂತೆ ತಿಕ್ಕಿ, ಆಮೇಲೆ ಸವರಿ. ಬೆವರಿದ ಚರ್ಮದ ಮೇಲೆ ಹಚ್ಚಿದರೆ ಅದು ಬೆವರಿನ ಮೇಲೆಯೇ ತೇಲುತ್ತದೆ, ಹಿಡಿಯುವುದಿಲ್ಲ. ಸ್ಪಿನ್‌ಗೆ ಹೊರಟವರು ಅಂಗೈಗೆ ಹಚ್ಚಿಕೊಂಡರೆ ಕೈ ಒಂದೆಡೆ ಕಚ್ಚಿ ನಿಂತು ದೇಹ ಮಾತ್ರ ತಿರುಗುತ್ತದೆ. ಆ ತಿರುಚು ಮಣಿಕಟ್ಟಿಗೆ ಬೀಳುತ್ತದೆ, ಅಂಗೈ ಚರ್ಮ ಎಳೆದು ಗುಳ್ಳೆ ಏಳುತ್ತದೆ. ಇನ್ನೂ ಒಂದು ತೊಂದರೆ, ನಮ್ಮ ಪ್ರಕಾರ ಅದೇ ದೊಡ್ಡದು: ಅಂಟು ಹಿಡಿತದ ತಪ್ಪನ್ನು ಮುಚ್ಚಿಡುತ್ತದೆ. ಹೊಸಬರ ಅಂಗೈಗೆ ಮೊದಲ ಮೂರು ತಿಂಗಳು ಐಟ್ಯಾಕ್ ಬೇಡವೇ ಬೇಡ.

ಆ ತಪ್ಪು ಯಾವುದೆಂದರೆ, ಭುಜ ಮಾಡಬೇಕಾದ ಕೆಲಸವನ್ನು ಬೆರಳಿಂದ ಮಾಡಿಸುವುದು. ಹೊಸಬರು ನೇತಾಡುವುದನ್ನು ಬದಿಯಿಂದ ನೋಡಿ: ಭುಜ ಕಿವಿಗೆ ತಾಗಿರುತ್ತದೆ, ಬೆರಳಿನ ಗೆಣ್ಣು ಬಿಳಿಚಿಕೊಂಡಿರುತ್ತದೆ, ಉಸಿರು ಕಟ್ಟಿರುತ್ತದೆ. ಭಯಕ್ಕೆ ಅಂಗೈ ಬೆವರುವುದು ದೇಹದ ಸಹಜ ಗುಣ, ಹಾಗಾಗಿ ಬಿಗಿದಷ್ಟೂ ಜಾರುತ್ತದೆ. ಬೆನ್ನಿನ ಹಲಗೆ ಮೂಳೆಗಳನ್ನು ಕೆಳಕ್ಕೆಳೆದು, ಕುತ್ತಿಗೆ ಉದ್ದ ಮಾಡಿ, ಉಸಿರು ಬಿಟ್ಟರೆ ಅದೇ ಕೈ ಇನ್ನೂ ಸ್ವಲ್ಪ ಹೊತ್ತು ತಾಳುತ್ತದೆ.

ಇದನ್ನು ಮೈಗೂಡಿಸಿಕೊಳ್ಳಲು ಒಂದು ಅಭ್ಯಾಸವಿದೆ, ಏನನ್ನೂ ಹಚ್ಚದೆ ಮಾಡಬೇಕು. ಪಾದ ನೆಲದ ಮೇಲೇ ಇರಲಿ. ಎದೆಯ ಎತ್ತರದಲ್ಲಿ ಪೋಲ್ ಹಿಡಿದು ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ. ಪೂರ್ತಿ ಬಿಗಿ 10 ಎಂದುಕೊಂಡು, 8ಕ್ಕೆ, 6ಕ್ಕೆ, 5ಕ್ಕೆ ಸಡಿಲಿಸುತ್ತ ಬನ್ನಿ. ಒಂದು ಹಂತದಲ್ಲಿ ಕಿರುಬೆರಳ ಬುಡದ ಚರ್ಮ ಸಣ್ಣಗೆ ಮಡಚಿ ಸರಿಯುವುದು ತಿಳಿಯುತ್ತದೆ. ಜಾರುವಿಕೆಯ ಮೊದಲ ಸೂಚನೆ ಅದು. ಅದಕ್ಕಿಂತ ಒಂದೇ ಹಂತ ಹೆಚ್ಚು ಬಿಗಿಯಲ್ಲಿ 20 ಸೆಕೆಂಡ್ ನಿಲ್ಲಿ, ಮೂರು ಸಲ. ಆಮೇಲೆ ಕಣ್ಣು ಮುಚ್ಚಿಯೇ ಸೊಂಟ ಎಲ್ಲಿದೆ, ಯಾವ ಭುಜ ಮೇಲಿದೆ ಎಂದು ಹೇಳಿಕೊಳ್ಳಿ, ಬದಿಯಲ್ಲಿಟ್ಟ ಮೊಬೈಲ್ ವಿಡಿಯೊದಲ್ಲಿ ತಾಳೆ ನೋಡಿ. ಮೊದಮೊದಲು ಬಹಳ ವ್ಯತ್ಯಾಸ ಬರುತ್ತದೆ. ತಲೆಕೆಳಗಾಗುವ ಮುನ್ನ ಈ ಅರಿವು ಇರಲೇಬೇಕು, ಏಕೆಂದರೆ ಅಲ್ಲಿ ಬಹಳಷ್ಟು ಜನ ಬೀಳುವುದು ಒಳತೊಡೆ ಪೋಲನ್ನು ಕಚ್ಚಿ ಹಿಡಿಯುವ ಮೊದಲೇ ಕೈ ಬಿಟ್ಟು. ಕೆಳಗೆ ಕ್ರ್ಯಾಶ್ ಮ್ಯಾಟ್ (ಬಿದ್ದರೆ ಪೆಟ್ಟಾಗದಂತೆ ಹಾಸುವ ದಪ್ಪ ಮೆತ್ತೆ) ಇರಲಿ.

ಬಲ ಸಾಲದವರು ವಾರಕ್ಕೆ ಮೂರು ದಿನ ಟವೆಲ್ ನೇತುಹಾಕಿ ಹಿಡಿದು ನೇತಾಡಬಹುದು. ಜೊತೆಗೆ ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹೊರಕ್ಕೆ ಅಗಲಿಸುವುದನ್ನು ಮರೆಯಬೇಡಿ. ಬರೀ ಹಿಡಿಯುವ ಸ್ನಾಯುಗಳನ್ನೇ ದುಡಿಸಿದರೆ ಮೊಣಕೈ ಒಳಬದಿಯಲ್ಲಿ ನೋವು ಬಂದು ತಿಂಗಳುಗಟ್ಟಲೆ ಕಾಡುತ್ತದೆ.

ಉತ್ತರ ಕರ್ನಾಟಕದಲ್ಲಿ ಮಲ್ಲಕಂಬ ಆಡಿ ಬಂದವರಿಗೆ ಈ ಮೈಯರಿವು ಮೊದಲೇ ಇರುತ್ತದೆ, ಅವರು ಬೇಗ ಕಲಿಯುತ್ತಾರೆ. ಒಂದನ್ನು ಮಾತ್ರ ಮರೆಯಬೇಕು. ಮರದ ಕಂಬಕ್ಕೆ ಘರ್ಷಣೆ ತಗ್ಗಿಸಲೆಂದೇ ಹರಳೆಣ್ಣೆ ಸವರುತ್ತಾರೆ. ಕ್ರೋಮ್ ಪೋಲಿಗೆ ಎಣ್ಣೆ ತಾಗಿದರೆ ಅಂದಿನ ಅಭ್ಯಾಸ ಕೆಟ್ಟಂತೆಯೇ.

ಪೋಲಿನ ಬಗ್ಗೆಯೂ ಒಂದು ಮಾತು. ಈಗ ಎಲ್ಲೆಡೆ ರೂಢಿಯಲ್ಲಿರುವ ವ್ಯಾಸ 45 ಮಿ.ಮೀ. ಹಿತ್ತಾಳೆ ಪೋಲ್ ಕ್ರೋಮ್‌ಗಿಂತ ಚೆನ್ನಾಗಿ ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಹೆಚ್ಚು ಜಾರುತ್ತದೆ. ಸ್ಪಿರಿಟ್ ಆರುವಾಗ ಲೋಹ ತಣ್ಣಗಾಗುತ್ತದೆ, ತಣ್ಣನೆ ಲೋಹದ ಮೇಲೆ ಕೈಯ ತೇವ ಹನಿಗಟ್ಟುತ್ತದೆ. ಒಂದು ನಿಮಿಷ ಒಣಬಟ್ಟೆಯಿಂದ ಉಜ್ಜಿ ಬೆಚ್ಚಗೆ ಮಾಡಿಯೇ ಹತ್ತಿ.

ಕೈ ಬೆವರುವ ಹೊಸಬರು ಕೊಳ್ಳುವುದಾದರೆ ಒಂದು ಸಣ್ಣ ಬಾಟಲಿ ಡ್ರೈ ಹ್ಯಾಂಡ್ಸ್, ಒಂದು ಮೈಕ್ರೋಫೈಬರ್ ಬಟ್ಟೆ, ಪೋಲ್ ಒರೆಸುವ ಸ್ಪಿರಿಟ್ ಆಗಿ ಮೆಡಿಕಲ್ ಶಾಪಿನ 70% ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಒಣ ಕೈಯವರು ಐಟ್ಯಾಕ್‌ಗೆ ಹೋಗುವ ಮುನ್ನ ಶೇವಿಂಗ್ ಫೋಮ್ ಚೂರು ಉಜ್ಜಿ ಒಣಗಿಸಿ ನೋಡಲಿ, ಹಲವರಿಗೆ ಅಷ್ಟರಲ್ಲೇ ಹಿಡಿತ ಸಿಗುತ್ತದೆ. ಐಟ್ಯಾಕ್ ಹಚ್ಚಿದ್ದರೆ ಪೋಲನ್ನು ಸ್ಪಿರಿಟ್‌ನಲ್ಲಿ ಎರಡು ಸಲ ಒರೆಸಿ, ಅಂಗೈಯಿಂದ ಸವರಿ ನೋಡಿ. ಎಲ್ಲಾದರೂ ಕಚ್ಚಿದರೆ ಮೇಣ ಇನ್ನೂ ಇದೆ, ಮುಂದಿನವರ ಸ್ಪಿನ್ ಅಲ್ಲಿಯೇ ತಡೆಯುತ್ತದೆ.