ಹಣ್ಣುನೊಣ ಗುರುತಿಸಲು ಮೊಬೈಲ್ ಮ್ಯಾಕ್ರೋ ಲೆನ್ಸ್: ಎಲ್ಲಿ ಸಾಕು, ಎಲ್ಲಿ ಸಾಲದು

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಕ್ಯಾಮೆರಾಕ್ಕೆ ಕ್ಲಿಪ್ ಹಾಕಿ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಬಗ್ಗೆ ಈ ವಿಮರ್ಶೆ. ಹೂವು, ಇರುವೆ ತೆಗೆಯಲು ಅದು ಹೇಗಿದೆ ಎನ್ನುವುದು ಬೇರೆ ಮಾತು. ಧಾರವಾಡದ ಆಪೂಸ್ ತೋಟದಲ್ಲೋ ನವಲೂರಿನ ಪೇರಲ ತೋಟದಲ್ಲೋ ಸಿಕ್ಕ ನೊಣ ಯಾವುದೆಂದು ಅದರ ಫೋಟೋ ನೋಡಿ ಹೇಳಬಹುದೇ? ಗುಂಪು ಯಾವುದೆಂದು ಧೈರ್ಯವಾಗಿ ಹೇಳಬಹುದು. ಪ್ರಭೇದ ಹೇಳಬೇಕಾದರೆ ಒಂದು ಫೋಟೋ ಯಾವತ್ತೂ ಸಾಲದು.

ಮೊದಲು ಲೆನ್ಸಿನ ಮಾತು. ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮಿಲಿಮೀಟರ್ ಮಾತ್ರ. ಮಾವಿನ ನೊಣ 7-8 ಮಿ.ಮೀ. ಉದ್ದ, ಬೆನ್ನು ಗುಮ್ಮಟದ ಹಾಗೆ ಉಬ್ಬಿರುತ್ತದೆ. ಬೆನ್ನಿಗೆ ಫೋಕಸ್ ಆದರೆ ರೆಕ್ಕೆ ಮಸುಕು, ರೆಕ್ಕೆಗೆ ಆದರೆ ಮುಖ ಮಸುಕು. ಮೂರು ಕ್ಯಾಮೆರಾ ಇರುವ ಫೋನಿನಲ್ಲಿ ಇನ್ನೊಂದು ತೊಂದರೆ: ಹತ್ತಿರ ಹೋದ ಕೂಡಲೇ ಫೋನ್ ತಾನಾಗಿ ಬೇರೆ ಕ್ಯಾಮೆರಾಕ್ಕೆ ಬದಲಾಗುತ್ತದೆ, ಲೆನ್ಸ್ ಇರುವ ಕಡೆಯ ಚಿತ್ರವೇ ಬರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಅದನ್ನು ಬಂದ್ ಮಾಡಿ, ಫೋನಿನ ಕವರ್ ತೆಗೆದು, ಮುಖ್ಯ ಕ್ಯಾಮೆರಾದ ನಡುವಿಗೇ ಲೆನ್ಸ್ ಕೂರಿಸಬೇಕು. ಫ್ಲ್ಯಾಶ್ ಬೇಡ. ಬೆನ್ನು ಮಿಂಚಿ ಹಳದಿ ಪಟ್ಟಿ ಬಿಳಚಿಕೊಳ್ಳುತ್ತದೆ. ಹಳದಿ ಬಲ್ಬಿನ ಕೆಳಗೆ ಕಪ್ಪು ಬೆನ್ನೂ ಕಂದಾಗಿ ಕಾಣುವುದರಿಂದ ಕಿಟಕಿಯ ಬೆಳಕೇ ಒಳ್ಳೆಯದು.

ಜೀವಂತ ನೊಣವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಕೆಲವು ನಿಮಿಷ ಇಟ್ಟರೆ ಮಂಕಾಗುತ್ತದೆ. ಹೊರಗೆ ತಂದಮೇಲೆ ಬೇಗ ಎಚ್ಚರಾಗುತ್ತದೆ, ಅಷ್ಟರಲ್ಲಿ ಕೆಲಸ ಮುಗಿಸಬೇಕು. ಬಿಳಿ ಹಾಳೆ, ಪಕ್ಕದಲ್ಲಿ ಮಿಲಿಮೀಟರ್ ಗೆರೆಯ ಸ್ಕೇಲ್. ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖಕ್ಕೆ ನೇರವಾಗಿ ಒಂದು, ರೆಕ್ಕೆ ಹರಡಿ ಒಂದು. ಹೆಚ್ಚಿನವರು ಮೇಲಿನದೊಂದನ್ನೇ ತೆಗೆದು ಕಳಿಸುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಏಕೆಂದರೆ ನಿರ್ಧಾರ ಮಾಡುವ ಗುರುತು ರೆಕ್ಕೆ ಮತ್ತು ಮುಖದಲ್ಲಿವೆ. ಮಾವಿನ ನೊಣವಾದ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್‌ಗೆ ರೆಕ್ಕೆಯ ಮುಂಅಂಚಿನಲ್ಲಿ ಸಣ್ಣ ಕಪ್ಪು ಪಟ್ಟಿ ತುದಿಯವರೆಗೂ ತುಂಡಾಗದೆ ಓಡುತ್ತದೆ. ಅದೇ ಕುಲದ ಇನ್ನೆರಡು ಪ್ರಭೇದ, ಪೇರಲದಲ್ಲಿ ಬರುವ ಕರೆಕ್ಟಾ, ಮತ್ತು ಜೊನಾಟಾ, ಎರಡರಲ್ಲೂ ಆ ಪಟ್ಟಿ ಕಡಿದು, ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಉಳಿದಿರುತ್ತದೆ. ಕರೆಕ್ಟಾದ ಬೆನ್ನು ಬಹುಪಾಲು ಕಪ್ಪು, ಮುಖದ ಕಪ್ಪು ಗುರುತು ಅಡ್ಡಡ್ಡ, ಜೊನಾಟಾ ಕೆಂಗಂದು. ಬೆನ್ನಿನ ಬಣ್ಣ ಒಂದನ್ನೇ ನಂಬುವಂತಿಲ್ಲ, ಡಾರ್ಸಾಲಿಸ್‌ನಲ್ಲೇ ಕಪ್ಪಿನಿಂದ ಕೆಂಗಂದಿನವರೆಗೆ ಎಲ್ಲವೂ ಉಂಟು. ಹೊಟ್ಟೆಯ ಮೇಲಿನ ಕಪ್ಪು ಗೆರೆಯ ಗುರುತೂ ಹಲವು ಪ್ರಭೇದಗಳಲ್ಲಿದೆ. 2005ರಲ್ಲಿ ಆಫ್ರಿಕಾದಿಂದ ಹೊಸ ಪ್ರಭೇದವೆಂದು ಹೆಸರಿಟ್ಟ ಇನ್ವೇಡೆನ್ಸ್, ಡಾರ್ಸಾಲಿಸ್ಸೇ ಎಂದು 2015ರಲ್ಲಿ ತೀರ್ಮಾನವಾಯಿತು. ಸೂಕ್ಷ್ಮದರ್ಶಕವಿದ್ದ ತಜ್ಞರಿಗೇ ಹತ್ತು ವರ್ಷ ಹಿಡಿದ ಈ ಗುಂಪಿನಲ್ಲಿ, ಒಂದೇ ಫೋಟೋ ನೋಡಿ ಗುರುತಿಸುವ ಆ್ಯಪ್ ಕೊಡುವ ಪ್ರಭೇದದ ಹೆಸರನ್ನು ಊಹೆ ಎಂದಷ್ಟೇ ಓದಬೇಕು.

ಹಣ್ಣಿನಿಂದ ಆಗತಾನೆ ಹೊರಬಂದ ನೊಣದ ಫೋಟೋ ಅಂತೂ ಬೇಡವೇ ಬೇಡ. ಬಣ್ಣ ಇನ್ನೂ ಏರಿರುವುದಿಲ್ಲ. ಚುಚ್ಚಿದ ಹಣ್ಣನ್ನು ಡಬ್ಬಿಯಲ್ಲಿ ಎರಡು ಇಂಚು ಜರಡಿ ಹಿಡಿದ ಉಸುಕಿನ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹುಳು ಉಸುಕಿಗೆ ಇಳಿದು ಕೋಶವಾಗುತ್ತದೆ. ಅಲ್ಲಿಂದ ಸುಮಾರು ವಾರ-ಹತ್ತು ದಿನಕ್ಕೆ ನೊಣ. ಸಕ್ಕರೆ ನೀರಿನ ಹತ್ತಿ ಕೊಟ್ಟು ಮೂರು-ನಾಲ್ಕು ದಿನ ಸಾಕಿ, ಆಮೇಲೆ ಫೋಟೋ ತೆಗೆಯಿರಿ.

ಈ ಲೆನ್ಸ್ ನಿಜವಾಗಿ ಗೆಲ್ಲುವುದು ಗುಂಪು ಬೇರ್ಪಡಿಸುವಲ್ಲಿ. ಬೆನ್ನಿನ ಎರಡು ಪಕ್ಕದ ಹಳದಿ ಪಟ್ಟಿಗಳ ಜೊತೆ ನಡುವೆ ಮೂರನೆಯದೂ ಇದ್ದು, ರೆಕ್ಕೆಯ ತುದಿಯಲ್ಲಿ ದೊಡ್ಡ ಕಪ್ಪು ಮಚ್ಚೆ ಇದ್ದರೆ ಅದು ಹಾಗಲ, ಹೀರೆ, ಸೌತೆಯ ನೊಣ. ಅದಕ್ಕೆ ಮಿಥೈಲ್ ಯುಜಿನಾಲ್ (ಗಂಡು ನೊಣವನ್ನು ವಾಸನೆಯಿಂದ ಸೆಳೆಯುವ ಮದ್ದು) ಬಲೆ ಕಟ್ಟಿದರೆ ದುಡ್ಡು ದಂಡ, ಕ್ಯೂ ಲ್ಯೂರ್ ಎಂಬ ಬೇರೆ ಸೆಳೆಮದ್ದು ಬೇಕು. ಡಾರ್ಸಾಲಿಸ್, ಕರೆಕ್ಟಾ, ಜೊನಾಟಾ ಮೂರರ ಗಂಡುಗಳೂ ಮಿಥೈಲ್ ಯುಜಿನಾಲ್‌ಗೇ ಬರುತ್ತವೆ. ಬಲೆ ಆರಿಸುವಷ್ಟಕ್ಕೆ ಅವುಗಳೊಳಗಿನ ವ್ಯತ್ಯಾಸ ತಲೆನೋವಲ್ಲ. ಇನ್ನು 2-4 ಮಿ.ಮೀ.ನ ಕೆಂಪು ಕಣ್ಣಿನ ಡ್ರೊಸೊಫಿಲಾ ಹೆಚ್ಚಾಗಿ ಬಿದ್ದು ಕೊಳೆತ ಹಣ್ಣಿಗೆ ಬಂದದ್ದು, ಹಣ್ಣು ಆರಿಸಿ ತೆಗೆಯುವುದೇ ಅದಕ್ಕೆ ಮದ್ದು. ತಲೆ, ಬೆನ್ನಿನ ಮೇಲೆ ಬೆಳ್ಳಿಬಿಳಿ ಗೆರೆಗಳಿದ್ದರೆ ಅದೇ ಕುಟುಂಬದ ಜಾಪ್ರಿಯೋನಸ್ ಎಂದು ಈ ಲೆನ್ಸಿನಲ್ಲೇ ತಿಳಿಯುತ್ತದೆ. ಡ್ರೊಸೊಫಿಲಾದ ಮೆಲನೋಗ್ಯಾಸ್ಟರ್ ಮತ್ತು ಸಿಮ್ಯುಲನ್ಸ್ ಪ್ರಭೇದಗಳು ಹಾಗಲ್ಲ. ಗಂಡಿನ ಜನನಾಂಗದ ಕಮಾನು ನೋಡಿಯೇ ಅವನ್ನು ಬೇರೆ ಮಾಡಬೇಕು, ಅದು ಈ ಲೆನ್ಸಿನ ಅಳವಲ್ಲ.

ಲೆನ್ಸ್ ಕೊಳ್ಳಿ, ಜೊತೆಗೆ ನೊಣವನ್ನೂ ಎಸೆಯದೆ ಇಟ್ಟುಕೊಳ್ಳಿ. ಮದ್ಯಸಾರದಲ್ಲಿ ಬಣ್ಣ ಮಾಸುತ್ತದೆ, ಆದ್ದರಿಂದ ಒಂದೆರಡನ್ನು ಫ್ರೀಜರ್‌ನಲ್ಲಿಟ್ಟು ಸಾಯಿಸಿ ಒಣಗಿಸಿಡಿ. ಹೆಸರು ಖಚಿತವಾಗಿ ಬೇಕಾದರೆ ಫೋಟೋ ಜೊತೆಗೆ ಅವನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ, ಸೈದಾಪುರ, ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಯಾವ ಹಣ್ಣು, ಯಾವ ಬಲೆ, ಯಾವ ತಾರೀಖು ಎಂದು ಚೀಟಿ ಬರೆದು ಡಬ್ಬಿಯೊಳಗೇ ಹಾಕಿ.