ಅಜ್ಜಿಯ 80ಕ್ಕೆ ಹನಿ ಕೇಕ್: ಹಾಸನದ ಒಂದು ಅಯ್ಯಂಗಾರ್ ಬೇಕರಿ ಬಗ್ಗೆ

ಸಾಲಗಾಮೆ ರಸ್ತೆ ಕಡೆಯ ಒಂದು ಅಯ್ಯಂಗಾರ್ ಬೇಕರಿಯಲ್ಲಿ 1 ಕೆ.ಜಿ. ಹನಿ ಕೇಕ್ ಹೇಳಿ ಮಾಡಿಸಿದೆ. 460 ರೂಪಾಯಿ ಆಯ್ತು. ರುಚಿಗೆ ಕೊಟ್ಟ ದುಡ್ಡು ಒಂದು ಪೈಸೆಯೂ ದಂಡ ಆಗಲಿಲ್ಲ. ಅಂಗಡಿ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಂದು ತಪ್ಪನ್ನೂ ಹೇಳಬೇಕಿದೆ, ಅಷ್ಟಕ್ಕೆ ಅವರ ವ್ಯಾಪಾರ ಕೆಡೋದು ಬೇಡ.

ನಮ್ಮ ಅಜ್ಜಿಗೆ ಈ ಸಲ 80. ಅವರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ. ಹಾಸನಾಂಬೆ ಬಾಗಿಲು ಹಾಕಿದ ಮಾರನೇ ದಿನ ಹುಟ್ಟಿದ್ದು ಅಂತ ಅವರಮ್ಮ ಹೇಳುತ್ತಿದ್ದರಂತೆ, ಮನೆಯಲ್ಲಿ ಅದೇ ಲೆಕ್ಕ. ಪ್ರತಿ ವರ್ಷ ಎಣ್ಣೆ ಸ್ನಾನ, ಆರತಿ, ಶಾವಿಗೆ ಪಾಯಸ, ಮುಗೀತು. ಈ ಸಲ ಮರಿಮಕ್ಕಳು ಕೇಕ್ ಬೇಕೇ ಬೇಕು ಅಂತ ಹಟ ಹಿಡಿದವು. ಅಜ್ಜಿ ಒಪ್ಪಿದರು, ಆದರೆ ಎರಡು ಮಾತು ಹೇಳಿದರು. ಮೊಟ್ಟೆ ಹಾಕಿರಬಾರದು. ದೀಪ ಊದಬಾರದು.

ಮೊಟ್ಟೆ ಇಲ್ಲದ್ದು ಬೇಕು ಅಂದರೆ ನಮ್ಮೂರಲ್ಲಿ ಕಾಲು ತಾನಾಗೇ ಅಯ್ಯಂಗಾರ್ ಬೇಕರಿ ಕಡೆ ಹೋಗುತ್ತೆ ಅಲ್ವಾ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಶುರು ಮಾಡಿದ ತಿರುಮಲಾಚಾರ್ ನಮ್ಮ ಹಾಸನ ಜಿಲ್ಲೆಯವರೇ, ಆಮೇಲೆ ಇಲ್ಲಿನ ಎಷ್ಟೋ ಮನೆಯವರು ಅದೇ ಕಸುಬು ಹಿಡಿದು ಹೊರಟರು. ಇನ್ನೊಬ್ಬರನ್ನೂ ನೆನೆಯಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್. ಅವರ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆಗ ಕೇಕ್ ಉಬ್ಬಬೇಕು ಅಂದರೆ ಯೀಸ್ಟ್ ಹಾಕಬೇಕು, ಇಲ್ಲವೇ ರಟ್ಟೆ ಬೀಳೋ ಹಾಗೆ ಮೊಟ್ಟೆ ಕಡೆಯಬೇಕು. ಹೆಂಡತಿಗೋಸ್ಕರ ಅವರು 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದರು. ನಮ್ಮಜ್ಜಿಯ ತಟ್ಟೆಗೆ ಮೊಟ್ಟೆ ಇಲ್ಲದ ಮೆತ್ತನೆ ಕೇಕ್ ಬಂದಿದ್ದು ಆ ದಾರಿಯಲ್ಲಿ.

ಕೇಕ್ ನಿಜಕ್ಕೂ ಚೆನ್ನಾಗಿತ್ತು. ಚಾಕು ಇಟ್ಟಾಗ ಪಾಕ ತಳದವರೆಗೂ ಇಳಿದಿದ್ದು ಕಾಣುತ್ತಿತ್ತು, ಆದರೂ ಮುದ್ದೆ ಆಗಿರಲಿಲ್ಲ, ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆ ಬರುತ್ತಿತ್ತು. ಮೇಲೆ ತೆಳ್ಳಗೆ ಕೆಂಪು ಜಾಮ್, ಅದರ ಮೇಲೆ ಉದುರು ಉದುರಾದ ಕೊಬ್ಬರಿ ಪುಡಿ, ಕೊಬ್ಬರಿ ಹೊಸದು, ಕಮಟು ವಾಸನೆ ಇರಲಿಲ್ಲ. ಹಲ್ಲಿಲ್ಲದ ಅಜ್ಜಿ ಎರಡು ಪೀಸ್ ತಿಂದರು. ಕ್ರೀಮ್ ಕೇಕ್ ತಂದಿದ್ದರೆ ಒಂದು ಚಮಚಕ್ಕೇ ಸಾಕು ಅನ್ನುತ್ತಿದ್ದರು.

ತಪ್ಪು ಬರಹದಲ್ಲಿ. ನಡುವೆ ಕೊಬ್ಬರಿ ಹಾಕದೆ ಜಾಗ ಬಿಡಿ, ಕನ್ನಡದಲ್ಲೇ ಬರೆಯಿರಿ ಅಂತ ಎರಡು ಸಲ ಹೇಳಿದ್ದೆ. ಮನೆಗೆ ಬಂದು ಡಬ್ಬ ತೆರೆದರೆ 'ಹುಟುಹಬ'! ಎರಡು ಒತ್ತಕ್ಷರವೂ ಇಲ್ಲ. ವಾಪಸ್ ಹೋಗಿ ತೋರಿಸಿದೆ. "ಅಕ್ಕ, ಒತ್ತು ಹಾಕೋಕೆ ಕೆಳಗೆ ಜಾಗ ಸಾಲಲಿಲ್ಲ" ಅಂದ ಬರೆಯೋ ಹುಡುಗ. ಅಕ್ಷರ ಸ್ವಲ್ಪ ಮೇಲೆ ಶುರು ಮಾಡಿದ್ದರೆ ಆಗುತ್ತಿತ್ತು. ನನಗೆ ನಿಜವಾಗಲೂ ಬೇಜಾರಾಯಿತು. ಹಾಸನದ ಬೇಕರಿಯಲ್ಲಿ ಕನ್ನಡ ಅಕ್ಷರ ತಪ್ಪಬಾರದು. ಮಾಲೀಕರು ಕೆರೆದು, ಜಾಮ್ ಸವರಿ, ತಾವೇ ಕೂತು ಮತ್ತೆ ಬರೆದುಕೊಟ್ಟರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಕೌಂಟರಿನಲ್ಲಿ ಕಿಡಿ ಹಾರಿಸೋ ಬತ್ತಿಯನ್ನು ಬೇಡ ಅಂದರೂ ಡಬ್ಬಕ್ಕೆ ಹಾಕೋಕೆ ಬಂದರು. ತಗೋಬೇಡಿ. ಅದರ ಬೂದಿ ತಿನ್ನೋ ಪದಾರ್ಥದ ಮೇಲೇ ಬೀಳುತ್ತೆ. ಸಾದಾ ಮೇಣದಬತ್ತಿ ಸಾಕು.

ಇನ್ನು ದೀಪದ ಮಾತು. ನಮ್ಮ ಕಡೆ ದೀಪ 'ದೊಡ್ಡದು ಮಾಡು' ಅಂತೀವಿ, ಆರಿಸು ಅನ್ನೋ ಮಾತು ಬಾಯಲ್ಲಿ ಬರಲ್ಲ. ಹಾಸನಾಂಬೆ ಬಾಗಿಲು ವರ್ಷಕ್ಕೊಂದು ಸಲ ತೆಗೆದಾಗ ಹಿಂದಿನ ವರ್ಷ ಹಚ್ಚಿದ ದೀಪ ಉರಿಯುತ್ತಲೇ ಇರುತ್ತೆ ಅಂತ ನಂಬಿರೋ ಊರು ಇದು. ಇಲ್ಲಿ 80 ವರ್ಷ ಬಾಳಿದವರ ಕೈಲಿ ದೀಪ ಊದಿಸೋದು ಹೇಗೆ? ಹುಡುಕಿ ಓದಿದಾಗ ಒಂದು ವಿಷಯ ಸಿಕ್ಕಿತು. 1746ರಲ್ಲಿ ಜರ್ಮನಿಯ ಕೌಂಟ್ ತ್ಸಿನ್ಸೆನ್‌ಡಾರ್ಫ್ ಅನ್ನೋ ದೊಡ್ಡ ಮನೆತನದವರ ಹುಟ್ಟುಹಬ್ಬಕ್ಕೆ ಒಲೆಯೊಳಗೆ ಹಿಡಿಸುವಷ್ಟು ದೊಡ್ಡ ಕೇಕ್ ಮಾಡಿ, ವಯಸ್ಸಿಗೊಂದರಂತೆ ತೂತು ಕೊರೆದು ಬತ್ತಿ ಸಿಕ್ಕಿಸಿದ್ದರು, ನಡುವೆ ಇನ್ನೊಂದು ಜಾಸ್ತಿ. ಜರ್ಮನಿಯಲ್ಲಿ ಆ ಒಂದು ಬತ್ತಿಗೆ ಜೀವದ ಬೆಳಕು ಅನ್ನುತ್ತಾರೆ. ಮಕ್ಕಳ ಹುಟ್ಟುಹಬ್ಬದಲ್ಲಿ ಬತ್ತಿಗಳನ್ನು ಬೆಳಗ್ಗೆ ಹಚ್ಚಿದರೆ ಇಡೀ ದಿನ ಉರಿಸೋರಂತೆ, ಒಂದು ಮುಗಿದರೆ ಇನ್ನೊಂದು ಇಟ್ಟು. ಅಜ್ಜಿಗೆ ಇದನ್ನು ಹೇಳಿದೆ. "ಹಂಗಾದ್ರೆ ಅವರಿಗೂ ಗೊತ್ತಿತ್ತಲ್ಲ ಮಗಾ" ಅಂದರು.

ನಾವು ಒಂದೇ ಬತ್ತಿ ಹಚ್ಚಿ, ಕೇಕಿನಿಂದ ತೆಗೆದು ದೇವರ ಮುಂದೆ ಇಟ್ಟೆವು. ಅದರ ಪಾಡಿಗೆ ಅದು ಉರಿಯುತ್ತಿತ್ತು. ಮೊದಲು ಆರತಿ, ಆಮೇಲೆ ಕೇಕ್. ಮಕ್ಕಳಿಗೆ ಊದೋಕೆ ಸಿಗಲಿಲ್ಲ ಅನ್ನೋದು ನೆನಪೇ ಆಗಲಿಲ್ಲ.

ಹನಿ ಕೇಕ್ ಇಡಿಯಾಗಿ ಬೇಕಿದ್ದರೆ ಹಿಂದಿನ ದಿನವೇ ಹೇಳಿ, ಇಲ್ಲಾಂದ್ರೆ ಟ್ರೇಯಲ್ಲಿ ಕತ್ತರಿಸಿಟ್ಟಿದ್ದೇ ಸಿಗೋದು. ಬರೆಯಬೇಕಾದ್ದನ್ನು ಚೀಟಿಯಲ್ಲಿ ದಪ್ಪಗೆ, ಒತ್ತಕ್ಷರ ಸಮೇತ ಬರೆದುಕೊಡಿ, ಡಬ್ಬ ಕಟ್ಟೋ ಮುಂಚೆ ಒಂದು ಸಲ ನೋಡಿ.