ಏಜೆನ್ಸಿ ಮೂಲಕ ದೊಡ್ಡ ಮ್ಯಾನೇಜರ್ ತೆಗೆದುಕೊಳ್ಳುವವರೇ, ಮೊದಲು ಪಿಎಫ್ ಪಾಸ್‌ಬುಕ್ ನೋಡಿ

ಕಾಸರಗೋಡು, ಬದಿಯಡ್ಕ, ಪುತ್ತೂರು ಕಡೆ ಉದ್ಯಮ ನಡೆಸುವವರು ದಯವಿಟ್ಟು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ಮಾತು ಆಚೀಚೆ ಆದರೆ ಸುಧಾರಿಸಿಕೊಳ್ಳಿ.

ನಮ್ಮದು ಅಡಿಕೆ ಹಾಳೆಯ ತಟ್ಟೆ ಮಾಡುವ ಉದ್ಯಮ. ಫ್ಯಾಕ್ಟರಿ ಭಾವ ನೋಡುತ್ತಾರೆ, ಮಾರಾಟ ನಾನು. ಆರ್ಡರ್ ಜಾಸ್ತಿ ಆಯಿತು, ಇಬ್ಬರಿಂದ ಸುಧಾರಿಸಲು ಆಗಲಿಲ್ಲ, ಜನರಲ್ ಮ್ಯಾನೇಜರ್ ಹುಡುಕಿಸಿದೆವು. ಏಜೆನ್ಸಿ ಬೆಂಗಳೂರಿನದು. ಫೀಸು ವರ್ಷದ ಸಂಬಳದ 15%, ಮೇಲೆ 18% ಐಜಿಎಸ್‌ಟಿ. ಜನ ಸೇರಿದ ಕೂಡಲೇ ಬಿಲ್ಲು. 90 ದಿನದೊಳಗೆ ಬಿಟ್ಟರೆ ಬೇರೆಯವರನ್ನು ಕೊಡುತ್ತೇವೆ ಅಂತ ಕರಾರು. ಇದೆಲ್ಲ ಮಾಮೂಲು, ನಿಮಗೂ ಗೊತ್ತುಂಟು.

ಬಂದ ಮನುಷ್ಯ ಮಾತಿನಲ್ಲಿ ಬಹಳ ಚುರುಕು. ಹಳೆ ಕಂಪನಿ ಬಿಟ್ಟಾಗಿದೆಯಂತೆ. ರಿಲೀವಿಂಗ್ ಲೆಟರ್ ಮುಂದಿನ ವಾರ ಅಂತೆ. ಆ ವಾರ ಬರಲೇ ಇಲ್ಲ. ಪಿಎಫ್‌ಗೆ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಕೇಳಿದರೆ, "ಸಂಬಳ 15,000 ದಾಟಿದವರಿಗೆ ಪಿಎಫ್ ಕಡ್ಡಾಯ ಅಲ್ಲ ಸರ್, ನನಗೆ ಬೇಡ." ಅರ್ಧ ಸತ್ಯ ಮಾರಾಯ್ರೆ! ಅದು ಹಿಂದೆ ಪಿಎಫ್ ಇಲ್ಲದವರಿಗೆ ಮಾತ್ರ. ಖಾತೆ ಇದ್ದವರಿಗೆ ಹೊಸ ಕೆಲಸದಲ್ಲೂ ಕಟ್ಟಲೇಬೇಕು.

ಫ್ಯಾಕ್ಟರಿಗೆ ಬರುವುದು ಅಪರೂಪ, ಎಲ್ಲ ಆನ್‌ಲೈನ್. ಮಳೆಗಾಲಕ್ಕೆ ಎಷ್ಟು ಹಾಳೆ ಒಣಗಿಸಿ ಇಡಬೇಕು ಅಂತ ಭಾವ ಕೇಳಿದರೆ ಸ್ಲೈಡ್ ಕಳಿಸಿದರು. ಸ್ಲೈಡಿನಲ್ಲಿ ಬರೀ ಬಾಣದ ಗುರುತು. ಗೋಡೌನಿನಲ್ಲಿ ಹಾಳೆಗೆಲ್ಲ ಬೂಷ್ಟು.

ಗೊತ್ತಾದದ್ದು ಹೇಗೆ ಕೇಳಿ. ಆಫೀಸಿನಲ್ಲಿ ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ ಮಾರಾಟದ ಲೆಕ್ಕ ತೋರಿಸುತ್ತಿದ್ದರು. ಪರದೆಯ ಮೂಲೆಯಲ್ಲಿ ಒಂದು ಚೌಕ ಎದ್ದಿತು: ವಾರದ ರಿವ್ಯೂ, 11 ಗಂಟೆ. ಕೆಳಗೆ ಅವರು ಬಿಟ್ಟಿದ್ದೇನೆ ಎಂದಿದ್ದ ಕಂಪನಿಯ ಹೆಸರು! ಪಟ್ಟನೆ ಮುಚ್ಚಿದರು. ನಾನು ಓದಿಯಾಗಿತ್ತು, ಲೆಕ್ಕದ ಹುಡುಗಿಯೂ ಓದಿದ್ದಳು. ಅವಳ ಎದುರಿಗೇ ನನ್ನ ಮುಖ ಹೇಗಾಗಿರಬೇಡ ಹೇಳಿ.

"ಹಳೆ ಕ್ಯಾಲೆಂಡರ್ ಸರ್, ಡಿಲೀಟ್ ಮಾಡಲು ಮರೆತಿದ್ದೆ."

ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯಿರಿ ಅಂತ ಪಟ್ಟು ಹಿಡಿದೆ. ಕಳೆದ ತಿಂಗಳಿನವರೆಗೂ ಆ ಕಂಪನಿಯಿಂದ ದುಡ್ಡು ಬಿದ್ದಿದೆ. "ಅವರ ಎಚ್‌ಆರ್ ತಡ ಮಾಡಿದ್ದಾರೆ ಸರ್." ಬಿಟ್ಟ ದಿನಾಂಕ ಹಾಕಲು ತಡ ಆಗಬಹುದು, ಒಪ್ಪುವ. ಬಿಟ್ಟವರ ಹೆಸರಿಗೆ ತಿಂಗಳು ತಿಂಗಳು ಯಾರಾದರೂ ಸುಮ್ನೆ ದುಡ್ಡು ಕಟ್ಟುತ್ತಾರಾ? ಮರುದಿನ ಇಮೇಲಿನಲ್ಲಿ ರಾಜೀನಾಮೆ. ನಮ್ಮ ಖರೀದಿದಾರರ ಪಟ್ಟಿ ಪೂರ್ತಿ ಅವರ ಹತ್ತಿರ ಉಂಟು.

ಏಜೆನ್ಸಿಗೆ ಫೋನ್ ಮಾಡಿದೆ. "90 ದಿನ ದಾಟಿದೆಯಲ್ಲ ಸರ್." ಎರಡು ಕಡೆ ಸಂಬಳ ತಿನ್ನುತ್ತಿದ್ದವರನ್ನು ಕೊಟ್ಟಿದ್ದೀರಿ ಅಂದರೆ, "ನಾವು ಪರಿಚಯ ಮಾಡಿಕೊಡುವವರು ಮಾತ್ರ." ಹಾಗಾದರೆ ವೆರಿಫಿಕೇಶನ್ ಆಗಿದೆ ಅಂತ ಬರೆದು ಕಳಿಸಿದ್ದು ಎಂತಕ್ಕೆ? "ಅವರು ಕೊಟ್ಟ ನಂಬರಿಗೆ ಕರೆ ಮಾಡಿದ್ದೇವೆ ಸರ್." ಅವರೇ ಕೊಟ್ಟ ನಂಬರು! ಕೊನೆಗೆ ಒಂದು ಮಾತು ಹೇಳಿದ, ಅದು ಈಗಲೂ ಉರಿಯುತ್ತದೆ: "ಕಾಸರಗೋಡಿಗೆ ಬರಲು ಒಪ್ಪುವವರೇ ಕಡಿಮೆ, ನಿಮಗೆ ಇಂಥವರು ಸಿಕ್ಕಿದ್ದೇ ದೊಡ್ಡದು." ನಮ್ಮ ಊರಿಗೆ ಬರುವುದು ಉಪಕಾರ, ನಮ್ಮ ದುಡ್ಡು ಮಾತ್ರ ಆಗುತ್ತದೆ ಅಲ್ವಾ?

ಕೇಸು ಹಾಕುವ ಅಂದರೆ ಕರಾರಿನಲ್ಲಿ "ಬೆಂಗಳೂರಿನ ಕೋರ್ಟು ಮಾತ್ರ" ಅಂತ ಒಂದು ಸಾಲು. ವಕೀಲರು ನಕ್ಕರು.

ಆಫರ್ ಲೆಟರ್ ಕೊಡುವ ಮೊದಲು ಪಾಸ್‌ಬುಕ್ ನಿಮ್ಮ ಎದುರಿಗೇ ತೆರೆಸಿ, ಸ್ಕ್ರೀನ್‌ಶಾಟ್ ನಂಬಬೇಡಿ. ಫೀಸು ಅರ್ಧ ಈಗ, ಅರ್ಧ ಪ್ರೊಬೇಷನ್ ಮುಗಿದ ಮೇಲೆ. ಒಪ್ಪದಿದ್ದರೆ ಬೇರೆ ಏಜೆನ್ಸಿ ನೋಡಿ. ಖರೀದಿದಾರರ ಪಟ್ಟಿ ಯಾರಿಗೂ ಇಡಿಯಾಗಿ ಕೊಡಬೇಡಿ.

ಇಷ್ಟೆಲ್ಲ ಈಗಲೇ ಬರೆಯಲು ಕಾರಣ ಉಂಟು. ಅದೇ ಮನುಷ್ಯನ ಬಯೋಡೇಟಾ ಅದೇ ಏಜೆನ್ಸಿಯಿಂದ ಪುತ್ತೂರಿನ ನಮ್ಮ ಪರಿಚಯದವರೊಬ್ಬರಿಗೆ ಹೋಗಿದೆ. ಅದರಲ್ಲಿ ನಮ್ಮ ಫ್ಯಾಕ್ಟರಿಯ ಸುದ್ದಿಯೇ ಇಲ್ಲ.